‘ಹೊರಗ ಬಾ’ ಎಂಬ ನಮ್ಮ ಒಂದೇ ಹಾಡು

ನಮ್ಮ ಬ್ಯಾಂಡಿಗೆ ಆಗಬಾರದ್ದು ಆಗಲಿಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ನಾವು ನಾಲ್ವರು ಒಂದು ಕಡೆ ಕೂಡಿದರೆ ಸಾಕು. ರಾಣೇಬೆನ್ನೂರಿನಲ್ಲಿ ನನ್ನದು ಬೀಜದ ಅಂಗಡಿ, ಬ್ಯಾಂಡಿನಲ್ಲಿ ಬೇಸ್ ಗಿಟಾರು. ಹಾಡುವವರು ಹಾವೇರಿಯ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಗಿಟಾರ್ ಬಾರಿಸುವವನು ಅದೇ ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಾನೆ. ಡ್ರಮ್ಮಿಗೆ ಕೂರುವವನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ. ಎಲ್ಲರೂ ನಲವತ್ತು ದಾಟಿದವರು.

ಗಣಪತಿ ಪೆಂಡಾಲು, ಮದುವೆ, ಕಾಲೇಜು ಗ್ಯಾದರಿಂಗು ಅಂತ ಕಂಡವರ ಹಾಡು ಬಾರಿಸಿ ಬಾರಿಸಿ ನಮಗೆ ಸಾಕಾಗಿತ್ತು. ಒಂದು ದಿನ ತಾಲೀಮು ಮುಗಿದ ಮೇಲೆ ಮಾಸ್ತರರು ಅಂದರು, "ನಮ್ಮದು ಅಂತ ಒಂದರೆ ಹಾಡು ಇರಬೇಕ್ರಿ. ಅದೊಂದು ಆತಂದ್ರ ನಾ ಬಿಡ್ತೇನಿ."

ಬಿಡುತ್ತೇನೆ ಅಂದದ್ದು ಬ್ಯಾಂಡನ್ನು. ಅವರಿಲ್ಲದಿದ್ದರೆ ನಾವು ಮೂವರು ಬರೀ ಸಪ್ಪಳ. ಹೀಗಾಗಿ ಹಾಡು ಆಗಲೇಬೇಕು, ಆದರೆ ಬೇಗ ಆಗಬಾರದು ಅನ್ನುವ ಪೇಚಿನಲ್ಲಿ ನಾವು ಕೆಲಸ ಶುರು ಮಾಡಿದೆವು. ಲಗೂ ಆಗುವ ಭಯವೇನೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಯಾರ ಮೇಲೆ ಬರೆದದ್ದು

ಹಾಡನ್ನು ಮಾಸ್ತರರೇ ಬರೆದರು. ಹುಡುಗಿಯ ಮನೆ ಮುಂದೆ ನಿಂತವನೊಬ್ಬ "ಬಾಗಿಲ ತೆರಿ, ಹೊರಗ ಬಾ, ಎಷ್ಟೊತ್ತಾತು ನಿಂತೇನಿ" ಅಂತ ಕರೆಯುವ ಹಾಡು. ಮೊದಲು ಅದನ್ನು ಹೆಂಡತಿಗೆ ಓದಿ ತೋರಿಸಿದರಂತೆ. ಅವರು ನಮಗೆಲ್ಲ ವೈನಿ, ಅಂದರೆ ಅತ್ತಿಗೆ. ವೈನಿ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದರು.

"ಯಾರ ಮ್ಯಾಲೆ ಬರದೀರಿ?"

"ನಿನ್ನ ಮ್ಯಾಲೆ."

"ನನಗ ಹೊರಗ ಬಾ ಅಂತ ಯಾವಾಗ ಕರದೀರಿ? ಚಾ ತಗೊಂಡ ಬಾ ಅಂತಷ್ಟ ಕರದೀರಿ."

ಅದು ಕವಿಯ ಕಲ್ಪನೆ ಅಂತ ಮಾಸ್ತರರು ಸಮಜಾಯಿಷಿ ಕೊಟ್ಟರು.

"ಮೊಣಕಾಲ ಮಟ ಜಡಿ ಅಂತನೂ ಬರದೀರಿ. ಅದೂ ಕಲ್ಪನೇನ, ಇಲ್ಲಾ ಯಾರದರ ಐತೇನು?"

ಮುಂದಿನ ತಾಲೀಮಿಗೆ ಬಂದಾಗ ಮಾಸ್ತರರು ಜಡೆಯ ಸಾಲು ಹೊಡೆದುಹಾಕಿದ್ದರು. ನಡುವೆ ಅಷ್ಟು ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಏನು ಹಾಡುತ್ತೀರಿ ಅಂತ ಮೋಟಾರಿನವ ಕೇಳಿದ.

"ಅಲ್ಲೆ ನೀ ಗಿಟಾರ ಬಾರ್ಸು," ಅಂದರು ಮಾಸ್ತರರು. "ಗಿಟಾರಕ್ಕ ಜಡಿ ಇರಂಗಿಲ್ಲ."

ಮನ ಕರಗಿದ ರೆಕಾರ್ಡಿಂಗು

ಸ್ಟುಡಿಯೋ ಅಂತ ನಮ್ಮ ಕಡೆ ಹುಡುಕಿಕೊಂಡು ಹೋದರೆ ಮದುವೆ ಆಲ್ಬಮ್ ಮಾಡಿಕೊಡುತ್ತಾರೆ. ದಲಾಲಿ ಒಂದು ಉಪಾಯ ಹೇಳಿದ. ಬ್ಯಾಡಗಿಯಲ್ಲಿ ಅವನ ಅಂಗಡಿಯ ಮೇಲೊಂದು ಕೋಣೆ, ತುಂಬ ಖಾಲಿ ಚೀಲ. ಚೀಲಗಳನ್ನು ಗೋಡೆಗುಂಟ ಒಟ್ಟಿದರೆ ಹೊರಗಿನ ಸಪ್ಪಳ ಒಳಗೆ ಬರುವುದಿಲ್ಲ. ಹುಬ್ಬಳ್ಳಿಯಿಂದ ಒಬ್ಬ ರೆಕಾರ್ಡಿಂಗ್ ಮಾಡುವವ ಲ್ಯಾಪ್‌ಟಾಪು, ಮೈಕು ತಂದ.

ಸಪ್ಪಳ ಬರಲಿಲ್ಲ, ಖರೇ. ಆದರೆ ಅವು ಮೆಣಸಿನಕಾಯಿ ಚೀಲ. ಸಾಲದ್ದಕ್ಕೆ ಸುಗ್ಗಿ ಕಾಲ, ಕಿಟಕಿಯ ಕೆಳಗೇ ಕೆಂಪಗೆ ರಾಶಿ ಬಿದ್ದಿತ್ತು. ಮಾಸ್ತರರು "ಬಾಗಿಲ ತೆರಿ" ಅಂತ ಎತ್ತಿಕೊಳ್ಳುತ್ತಿದ್ದರು, "ಹೊರಗ" ಬರುವಷ್ಟರಲ್ಲಿ ಸೀನು ಬರುತ್ತಿತ್ತು. ನಾನೂ ಮೋಟಾರಿನವನೂ ಮೂಗಿಗೆ ಟವೆಲ್ ಕಟ್ಟಿಕೊಂಡೆವು. ದಲಾಲಿ ಮಾತ್ರ ಮಲ್ಲಿಗೆ ತೋಟದಲ್ಲಿ ಕೂತವನ ಹಾಗೆ ಕೂತಿದ್ದ.

"ನಿಮಗ ರೂಢಿ ಇಲ್ಲ," ಅಂದ. "ಇಲ್ಲೆ ಹುಟ್ಟಿದ್ರ ಏನೂ ಆಗತಿರಲಿಲ್ಲ."

ಸಂಜೆಯ ಹೊತ್ತಿಗೆ ಒಂದು ಸಲ ಹಾಡು ಸೀನಿಲ್ಲದೆ ಮುಗಿಯಿತು. ತಿರುಗಿ ನೋಡಿದರೆ ಹುಬ್ಬಳ್ಳಿಯವ ಹೆಡ್‌ಫೋನ್ ಹಾಕಿಕೊಂಡು ಕಣ್ಣೀರು ಸುರಿಸುತ್ತ ಕೂತಿದ್ದ. ಮಾಸ್ತರರ ಹಾಡು ಕೇಳಿ ಅಲ್ಲಿಯವರೆಗೆ ಯಾರೂ ಅತ್ತಿರಲಿಲ್ಲ. ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟರು.

"ಅಷ್ಟು ಮನಸ್ಸಿಗೆ ಹತ್ತಿತೇನಪಾ?"

"ಹಾಡು ನಾ ಇನ್ನೂ ಸರಿಯಾಗಿ ಕೇಳಿಲ್ರಿ ಸರ್," ಅಂದ ಅವನು. "ಮೊದಲ ಒಂದ ತಂಬಿಗಿ ನೀರು ಕೊಡಸ್ರಿ."

ಹೊಳೆಯಲ್ಲಿ ಮಾಸ್ತರರು

ಹಾಡಿಗೆ ವಿಡಿಯೋ ಇಲ್ಲದಿದ್ದರೆ ಯಾರೂ ನೋಡುವುದಿಲ್ಲ ಅಂತ ಎಲ್ಲರೂ ಹೇಳಿದರು. ರಾಣೇಬೆನ್ನೂರಿನ ಮದುವೆ ಫೋಟೋಗ್ರಾಫರ್ ಒಬ್ಬನನ್ನು ಕರೆದುಕೊಂಡು ಕುಮಾರಪಟ್ಟಣದ ಹೊಳೆ ದಂಡೆಗೆ ಹೋದೆವು. ಮಾಸ್ತರರು ನೀರಿನಲ್ಲಿ ನಿಂತರೆ ಛಲೋ ಬರುತ್ತದೆ ಅಂತ ಅವನ ಲೆಕ್ಕಾಚಾರ. ಅವರನ್ನು ಮೊಣಕಾಲು ಮಟ ನೀರಿಗೆ ಇಳಿಸಿದ. ತಾನು ದೂರದ ಜಾಲಿಗಿಡದ ಹಿಂದೆ ಉದ್ದನೆಯ ಲೆನ್ಸು ಹಿಡಿದು ಕೂತ. ನಾವು ಮೂವರು ಚಿತ್ರದಲ್ಲಿ ಬರಬಾರದು ಅಂತ ಅವನ ಬೆನ್ನ ಹಿಂದೆ ಕೂತೆವು.

ಮಾಸ್ತರರು ಕಣ್ಣು ಮುಚ್ಚಿ, ಎರಡೂ ಕೈ ಅಗಲಿಸಿ, ಜೇಬಿನಲ್ಲಿ ಸಣ್ಣಗೆ ಹಾಡುತ್ತಿದ್ದ ಮೊಬೈಲಿಗೆ ತುಟಿ ಕೂಡಿಸುತ್ತಿದ್ದರು. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಒಬ್ಬ ಅಜ್ಜ ಬಂದ. ಅವನ ಕಣ್ಣಿಗೆ ಕಂಡದ್ದು ಹೊಳೆಯಲ್ಲಿ ಒಬ್ಬನೇ ನಿಂತ ಮನುಷ್ಯ, ಅಷ್ಟೆ.

"ತಮ್ಮಾ, ಏನಾಗೇತಿ? ಮನ್ಯಾಗ ಜಗಳೇನು?"

ಮಾಸ್ತರರು ಹಾಡಿನಲ್ಲಿ ಮುಳುಗಿದ್ದರು. "ಹೊರಗ ಬಾ, ಹೊರಗ ಬಾ" ಅಂದರು.

"ನಾ ಹೊರಗನ ಅದೇನಿ," ಅಂದ ಅಜ್ಜ. "ನೀ ಬಾ."

ಅವರು ಬರಲಿಲ್ಲ, ಹಾಡಿನಲ್ಲಿ ಇನ್ನೊಂದು ಚರಣ ಬಾಕಿ ಇತ್ತು. ಅಜ್ಜ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿದು, ಮಾಸ್ತರರ ರಟ್ಟೆ ಹಿಡಿದು ದಂಡೆಗೆ ಎಳೆದು ತಂದ. ನಾವು ಓಡಿ ಹೋಗಿ, ಇದು ಶೂಟಿಂಗು, ಇವರಿಗೆ ಏನೂ ಆಗಿಲ್ಲ ಅಂತ ಹೇಳಿದೆವು. ಅವನು ನಂಬಲಿಲ್ಲ. ಹಾಡು ಹಚ್ಚಿ ತೋರಿಸಿ ಅಂದ. ಅಲ್ಲೇ ಕಲ್ಲಿನ ಮೇಲೆ ಕೂತು ಕೊನೆಯವರೆಗೂ ಕೇಳಿದ. ಇಷ್ಟು ಲಕ್ಷ್ಯ ಕೊಟ್ಟು ಆ ಹಾಡನ್ನು ಬೇರೆ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

"ಹಾಡು ಛಲೋ ಐತಿ," ಅಂದ ಏಳುತ್ತ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ, "ಆದರೂ ಇವತ್ತೊಂದಿನ ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ," ಅಂದ.

ಸಿಂಗಲ್

ಒಂದೇ ಹಾಡನ್ನು ಬಿಡುಗಡೆ ಮಾಡಿದರೆ ಅದಕ್ಕೆ ಸಿಂಗಲ್ ಅನ್ನುತ್ತಾರೆ ಅಂತ ಮೋಟಾರಿನವ ಎಲ್ಲೋ ಕೇಳಿದ್ದ. ಹಾವೇರಿಯ ತನ್ನ ಅಂಗಡಿ ಮುಂದೆ ದೊಡ್ಡದಾಗಿ ಬರೆಸಿ ಹಚ್ಚಿದ: "ಶುಕ್ರವಾರ ಸಿಂಗಲ್ ಬಿಡುತ್ತಿದ್ದೇವೆ. ತಪ್ಪದೇ ಕೇಳಿರಿ."

ಅದು ಪಂಪ್‌ಸೆಟ್ ಮೋಟಾರು ಸುಟ್ಟುಕೊಂಡು ಬರುವವರ ಅಂಗಡಿ ಅನ್ನುವುದನ್ನು ನಾವು ಯಾರೂ ವಿಚಾರ ಮಾಡಿರಲಿಲ್ಲ. ಹೊಸರಿತ್ತಿ ಕಡೆಯ ರೈತರೊಬ್ಬರು ಬೋರ್ಡು ಓದಿ ಒಳಗೆ ಬಂದರು.

"ಶುಕ್ರವಾರ ಸಿಂಗಲ್ ಬಿಡ್ತಾರಂತಲ್ಲ, ತ್ರೀ ಫೇಸ್ ಯಾವಾಗ ಬಿಡ್ತಾರ?"

"ಅದು ಕರೆಂಟ್ ಅಲ್ರಿ ಗೌಡ್ರ, ನಮ್ಮ ಹಾಡು."

"ಹಾಡು ಹಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ತ್ರೀ ಫೇಸ್ ಯಾವಾಗ?"

ಶುಕ್ರವಾರ ಹಾಡನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟೆವು. ಮಧ್ಯಾಹ್ನದೊಳಗೆ ಅಂಗಡಿಗೆ ಬಂದವರೆಲ್ಲ ಬೋರ್ಡು ತೋರಿಸಿ ಜಗಳ ತೆಗೆದರು. ಹಾಡು ಹೇಗಿದೆ ಅಂತ ಒಬ್ಬರೂ ಅನ್ನಲಿಲ್ಲ. ಸಿಂಗಲ್ ಫೇಸ್ ಕೂಡ ಬಂದಿಲ್ಲ ಅಂತಲೇ ಎಲ್ಲರ ತಕರಾರು.

ಅವ್ವ ಕೇಳಿದ್ದು

ಅವತ್ತು ಮನೆಗೆ ಹೋಗಿ ಮೊಬೈಲಿನಲ್ಲಿ ಅವ್ವನಿಗೆ ಹಾಡು ಹಚ್ಚಿ ಕೊಟ್ಟೆ. ಕಿವಿಗೆ ಹಿಡಿದು ಕೇಳಿದಳು.

"ಇದರಾಗ ನಿಂದು ಯಾವದು?"

"ನಂದು ಬೇಸ್, ಅವ್ವ. ಮೊಬೈಲಿನ್ಯಾಗ ಕೇಳಸಂಗಿಲ್ಲ, ತಳದಾಗ ಇರ್ತೈತಿ."

"ಕೇಳಸಂಗಿಲ್ಲಂದ್ರ ಯಾಕ ಬಾರಸ್ತಿ?"

ನಾನು ಊಟಕ್ಕೆ ಕೂತೆ.

ಗಾಡಿ

ತಿಂಗಳು ಕಳೆದರೂ ಹಾಡನ್ನು ನಮ್ಮ ನಮ್ಮ ಬೀಗರು ಬಿಟ್ಟರೆ ಯಾರೂ ಕೇಳಿದಂತೆ ಕಾಣಲಿಲ್ಲ. ಮಾಸ್ತರರು ತಾಲೀಮಿಗೆ ಬರುವುದನ್ನು ನಿಲ್ಲಿಸಿದರು. ಹಾಡು ಆಗಿತ್ತಲ್ಲ, ಮಾತಿನ ಪ್ರಕಾರ ಬಿಟ್ಟರು ಅಂತ ನಾವೂ ಸುಮ್ಮನಾದೆವು.

ಹಾಗಿರುವಾಗ ಒಂದು ಮುಂಜಾನೆ ನಾನು ಹಲ್ಲುಜ್ಜುತ್ತಿದ್ದಾಗ ಓಣಿಯ ತುದಿಯಿಂದ ನಮ್ಮ ಹಾಡು ಬಂತು. ಲೌಡ್‌ಸ್ಪೀಕರಿನಲ್ಲಿ, ಬೇಸ್ ಸಮೇತ. ಬಾಯಿ ತುಂಬ ನೊರೆ ಇದ್ದಂತೆಯೇ ಬಾಗಿಲಿಗೆ ಓಡಿದೆ. ಕಸದ ಗಾಡಿ ಬರುತ್ತಿತ್ತು. ಡ್ರೈವರನನ್ನು ನಿಲ್ಲಿಸಿ ಕೇಳಿದೆ.

"ಹಳೇ ಹಾಡಿಗೆ ಮಂದಿ ಹೊರಗ ಬರತಿದ್ದಿಲ್ರಿ," ಅಂದ. "ಇದರಾಗ ಸೀದಾ ಐತಿ ನೋಡ್ರಿ. ಬಾಗಿಲ ತೆರಿ, ಹೊರಗ ಬಾ, ಎಷ್ಟೊತ್ತಾತು ನಿಂತೇನಿ. ನನ್ನ ಮನಸ್ಸಿನ್ಯಾಗ ಇದ್ದದ್ದನ್ನ ಬರದಾನ ಪುಣ್ಯಾತ್ಮ."

ವಾರದೊಳಗೆ ಊರಿಗೆ ಊರೇ ನಮ್ಮ ಹಾಡು ಗುನುಗತೊಡಗಿತು. ರಾಣೇಬೆನ್ನೂರಿನ ಒಂದು ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದರು. ಇದೇ ಹಾಡು ಬೇಕಂತೆ. ಸುದ್ದಿ ಹೇಳಿದಾಗ ಮಾಸ್ತರರು "ಆತು, ಇದ ಕಡೀದು," ಅಂದರು. ಹಾವೇರಿಯವರಾದ್ದರಿಂದ, ಜನ ಹಾಡನ್ನು ಎಲ್ಲಿ ಕೇಳಿದರು ಅಂತ ಅವರಿಗೆ ಗೊತ್ತಿರಲಿಲ್ಲ. ನಮಗೆ ಹೇಳುವ ಧೈರ್ಯ ಬರಲಿಲ್ಲ.

ಮಧ್ಯಾಹ್ನದ ಕಾರ್ಯಕ್ರಮ, ಕಲ್ಯಾಣ ಮಂಟಪ ತುಂಬಿತ್ತು. ದಲಾಲಿ ಕೋಲು ಬಡಿದ, ಮೋಟಾರಿನವ ಶುರು ಮಾಡಿದ, ಮಾಸ್ತರರು "ಬಾಗಿಲ ತೆರಿ" ಅಂತ ಎತ್ತಿದರು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತರು. ಅವರ ಹಿಂದಿನವರೂ ಎದ್ದರು. ಮಾಸ್ತರರ ಕಣ್ಣು ತುಂಬಿತು. ನಾನು ತಲೆ ತಗ್ಗಿಸಿ ತಂತಿ ನೋಡುತ್ತ ಬಾರಿಸಿದೆ.

ಎದ್ದವರು ಚಪ್ಪಾಳೆ ತಟ್ಟಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ತಿರುಗಿದರು. ಒಬ್ಬಾಕೆ ಹೊಸ್ತಿಲ ತನಕ ಹೋಗಿ, ಹೊರಗೆ ಇಣುಕಿ, ಒಳಗಿದ್ದವರಿಗೆ ಕೂಗಿ ಹೇಳಿದಳು.

"ಅಯ್ಯ, ಬರ್ರೆ, ಕುಂದರ್ರೆ. ಗಾಡಿ ಬಂದಿಲ್ಲ. ಬರೇ ಹಾಡಿನವರು ಬಂದಾರ."

ಎಲ್ಲರೂ ನಗುತ್ತ ಕೂತರು. ಮಾಸ್ತರರು ಹಾಡು ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಹಾಡಿದರು.

ಹೊರಗೆ ಬಂದು ಸಾಮಾನನ್ನು ಟೆಂಪೋಗೆ ಏರಿಸುವಾಗ ನಾವು ಅವರಿಗೆ ಇದ್ದದ್ದನ್ನು ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಡ್ರಮ್ಮನ್ನು ತಾವೇ ಎತ್ತಿ ಟೆಂಪೋದೊಳಗೆ ಇಟ್ಟರು.

"ಮಂಗಳವಾರ ತಾಲೀಮು ಇಟಗೋಳ್ರಿ," ಅಂದರು. "ಇನ್ನೊಂದು ಹಾಡು ಬರಿತೇನಿ."

"ಬಿಡ್ತೇನಿ ಅಂದಿದ್ರಲ್ರಿ?" ಅಂದ ದಲಾಲಿ.

"ಇದೊಂದ ಬರದ ಬಿಡ್ತೇನಿ."

"ಹೆಸರೇನ್ರಿ ಅದರದು?"

ಮಾಸ್ತರರು ಮುಖ ಒರೆಸಿಕೊಂಡು, ಸುಸ್ತಾಗಿ ಹೇಳಿದರು:

"ಕುಂದ್ರು."