ವಾಕ್ಯ ಹಿಡಿಯಕ್ಕೆ ಹೋದ ಎರಡು ತಿಂಗಳು

ಇಲ್ಲ ಸ್ವಾಮಿ, ಸೋಮಾರಿತನಕ್ಕೆ ಕಾಲೇಜು ಬಿಟ್ಟೋನಲ್ಲ ನಾನು. ಲೆಕ್ಚರರ್ ಜೊತೆ ಜಗಳ ಆಡ್ಕೊಂಡು ಬಿಟ್ಟಿದ್ದು. ನೀವು ಕೇಳ್ಲಿಲ್ಲ, ಗೊತ್ತು. ನಿಮ್ಮ ಮುಖ ಕೇಳ್ತಾ ಇದೆ. ನನಗೆ ಕೋಪ ಬರಿಸೋ ಜನ ಮನೆ ಹುಡುಕ್ಕೊಂಡೇ ಬರ್ತಾರೆ, ಏನ್ ಮಾಡಕ್ಕಾಗತ್ತೆ.

ಅರವತ್ತರ ದಶಕದಲ್ಲಿ ಹಾಗೆ ಬಂದೋರು ಒಬ್ಬ ಪ್ರೊಫೆಸರ್. ಅಮೆರಿಕಾದಲ್ಲಿ ಹೊಸ ವ್ಯಾಕರಣ ಕಲ್ತಿದ್ರು. ಭಾಷೆಗಳೆಲ್ಲ ಮೇಲ್ನೋಟಕ್ಕೆ ಬೇರೆ ಬೇರೆ, ಒಳಗಿನ ಮೂಳೆ ಒಂದೇ ಅನ್ನೋದು ಅವರ ವಾದ. ಅದನ್ನ ಸಾಧಿಸಕ್ಕೆ ನಮ್ಮ ಕಡೆ ಕನ್ನಡ, ತೆಲುಗು, ಉರ್ದು ಆಡೋರ ಮುಂದೆ ಕೂತು ವಾಕ್ಯ ಓದೋದು, "ನಿಮ್ಮ ಮಾತಲ್ಲಿ ಹೀಗೆ ಹೇಳಕ್ಕೆ ಬರುತ್ತಾ?" ಅಂತ ಕೇಳೋದು. ಬರಲ್ಲ ಅಂದ್ರೆ ಆ ವಾಕ್ಯದ ಮುಂದೆ ಒಂದು ನಕ್ಷತ್ರದ ಗುರುತು. ಮೂರೂ ಭಾಷೆ ಬಲ್ಲೋನು ಅಂತ ನನ್ನನ್ನ ಜೊತೆಗೆ ಹಾಕ್ಕೊಂಡ್ರು. "ಕೆಲಸ ಮುಗಿದ ದಿನ, ಈ ಹುಡುಗನ್ನ ವಾಪಸ್ ಸೇರಿಸ್ಕೊಳ್ಳಿ ಅಂತ ನಿಮ್ಮ ಪ್ರಿನ್ಸಿಪಾಲರಿಗೆ ಕಾಗದ ಬರ್ದು ಕೊಡ್ತೀನಿ" ಅಂದ್ರು.

ಆ ಒಂದು ಕಾಗದಕ್ಕೋಸ್ಕರ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ. ನನ್ನಂಥೋನಿಗೆ ಅದು ಜೈಲು.

ಹುಳದ ಮನೆ

ಮೊದಲು ಜಂಗಮಕೋಟೆ. ರೇಷ್ಮೆ ಹುಳ ಸಾಕೋ ಕೋಣೆ ಅಂದ್ರೆ ನಮ್ಮಲ್ಲಿ ಬಾಣಂತಿ ಕೋಣೆ ಇದ್ದ ಹಾಗೆ. ಹೊರಗಿನೋರು ಕಾಲಿಡಂಗಿಲ್ಲ, ಕೆಟ್ಟ ಮಾತು ಆಡಂಗಿಲ್ಲ.

"ಬೇಡ ಸಾರ್" ಅಂದೆ.

"ಜನ ಕೆಲಸ ಮಾಡೋ ಜಾಗದಲ್ಲೇ ಭಾಷೆ ಹಿಡೀಬೇಕಪ್ಪ" ಅಂತ ಬಾಗಿಲಲ್ಲಿ ನಿಂತ್ರು. ಒಳಗೆ ಒಬ್ಬ ಅಜ್ಜಿ ತಟ್ಟೆಗೆ ಸೊಪ್ಪು ಹಾಕ್ತಿದ್ರು. ಈ ಮಹಾನುಭಾವರು ಜಾಗಕ್ಕೆ ಹೊಂದೋ ಹಾಗೆ ಒಂದು ವಾಕ್ಯ ಆರಿಸಿ ಗಟ್ಟಿಯಾಗಿ ಓದಿದ್ರು. "'ಸೊಪ್ಪು ತಿಂದ ಹುಳಗಳೆಲ್ಲ ಸತ್ತುಹೋದವು.' ಹೀಗೆ ಹೇಳಕ್ಕೆ ಬರುತ್ತಾ ಅಮ್ಮಾ?"

"ನಿನ್ ಬಾಯಿಗೆ ಹುಳ ಬೀಳ! ಯಾವೋನೋ ನೀನು, ತುಂಬಿದ ಮನೆ ಬಾಗ್ಲಲ್ಲಿ ನಿಂತು ಸಾವು ನುಡೀತೀಯ?"

"ಸತ್ತಿಲ್ಲಮ್ಮ. ಹಾಗಂತ ಹೇಳಬಹುದಾ ಅಂತ ಅಷ್ಟೇ."

"ಇನ್ನೊಂದ್ಸಲ ಹೇಳಿ ನೋಡು, ತೋರಿಸ್ತೀನಿ" ಅಂತ ಅಜ್ಜಿ ಪೊರಕೆ ತಗೊಂಡ್ರು. ಅಮೆರಿಕಾದಲ್ಲಿ ಓಡೋದೂ ಕಲಿಸ್ತಾರೆ ಅಂತ ಅವತ್ತು ಗೊತ್ತಾಯ್ತು. ಹಿಂದೆ ಬಿದ್ದೋನು ನಾನು, ಏಟು ನನಗೆ. ಬಸ್ಸಲ್ಲಿ ಪ್ರೊಫೆಸರ್ ಪೆನ್ಸಿಲ್ ತೆಗೆದು, "ಹಾಗಾದ್ರೆ ಇವರ ಮಾತಲ್ಲಿ ಇದು ಬರಲ್ಲ ಅಂತ ಬರ್ಕೊಳ್ಳಲಾ?" ಅಂದ್ರು.

"ಬರ್ಕೊಳ್ಳಿ ಸಾರ್. ಸಾಕ್ಷಿ ಬೇಕಿದ್ರೆ ನನ್ನ ಬೆನ್ನಿದೆ."

ಮೂರನೇ ಮಗ

ಗೌರಿಬಿದನೂರಿಗೆ ಹೋಗೋಣ ಅಂತ ತೊಂಡೇಬಾವಿ ಸ್ಟೇಷನ್ನಲ್ಲಿ ರೈಲು ಕಾಯ್ತಿದ್ವಿ. ಪ್ರೊಫೆಸರ್ ಬೆಂಚಿನ ಮೇಲೆ ದೊಡ್ಡ ಹಾಳೆ ಹರಡಿದ್ರು. ವಾಕ್ಯನ ಬಿಡಿಸಿ ಬಿಡಿಸಿ ಬರ್ದಿರೋ ಚಿತ್ರ. ಮೇಲೆ ಒಂದು ಹೆಸರು, ಅದರಿಂದ ಎರಡು ಕವಲು, ಅದಕ್ಕೆ ಮತ್ತೆರಡು ಕವಲು. ಪಕ್ಕದಲ್ಲಿ ಕೂತಿದ್ದ ರೈತ ಬಗ್ಗಿ ನೋಡ್ದ.

"ಏಮಿ ಸಾಮೀ, ವಂಶವೃಕ್ಷನಾ?"

ಅವನ ತಪ್ಪೇನೂ ಇಲ್ಲ. ಜಮೀನು ಭಾಗ ಆಗೋವಾಗ ಶಾನುಭೋಗ್ರು ಬರೆಯೋದು ಹೀಗೇ. ಪ್ರೊಫೆಸರಿಗೆ ಖುಷಿಯಾಗೋಯ್ತು. "ಒಂಥರಾ ಹೌದಪ್ಪ. ಮೇಲಿರೋದು ತಾಯಿ, ಕೆಳಗಿರೋವು ಮಕ್ಕಳು."

"ಎರಡೇ ಮಕ್ಕಳಾ?"

"ಎರಡೇ. ಮೂರನೇದಕ್ಕೆ ಇಲ್ಲಿ ಜಾಗ ಇಲ್ಲ."

ರೈತ ಅವರಪ್ಪನಿಗೆ ಮೂರನೇ ಮಗ. "ಓಹೋ! ನಮ್ಮಣ್ಣಂದಿರು ಕಳಿಸವ್ರಾ ನಿಮ್ಮನ್ನ?" ಅಂತ ಹಾಳೆ ಕಿತ್ಕೊಂಡು ಹೊಲದ ದಾರಿ ಹಿಡ್ದ. ಹದಿನೈದು ದಿನದ ಕೆಲಸ ಅದರಲ್ಲಿತ್ತು. ವಾಪಸ್ ತರಕ್ಕೆ ಹೋದೋನು ನಾನು, ಇನ್ಯಾರು? ಆ ಹೊತ್ತಿಗೆ ಅದು ಶಾನುಭೋಗರ ಕೈಲಿತ್ತು. ಅವರು ಕನ್ನಡಕ ಏರಿಸಿ ತೀರ್ಪು ಕೊಟ್ಟೂ ಆಗಿತ್ತು: "ಏನು ಬರ್ದವ್ರೋ ತಿಳೀಲಿಲ್ಲ. ಆದ್ರೆ ಇಂಗ್ಲಿಷಲ್ಲಿ ಬರ್ದವ್ರೆ ಅಂದ್ಮೇಲೆ ನಿನ್ನ ಭಾಗಕ್ಕೆ ಮೋಸ ಆಗಿರೋದು ಗ್ಯಾರಂಟಿ."

ಅಂಗಡಿಗೆ ಬಂದೋರು

ಚಿಂತಾಮಣೀಲಿ ಒಬ್ಬ ಬಟ್ಟೆ ಅಂಗಡಿ ಸಾಹೇಬ್ರು. ಕೂರಿಸಿ ಚಹಾ ಕೊಟ್ರು. ಪ್ರೊಫೆಸರ್ ಒಳ್ಳೆ ಉರ್ದು ವಾಕ್ಯಗಳ ಮಧ್ಯೆ ಬೇಕಂತಲೇ ತಲೆಕೆಳಗು ಮಾಡಿದ ವಾಕ್ಯಗಳನ್ನೂ ಸೇರಿಸಿದ್ರು. ಎಲ್ಲದಕ್ಕೂ ಸಾಹೇಬ್ರು ತಲೆ ತೂಗಿ, "ಬಿಲ್ಕುಲ್ ಬರ್ತದೆ, ಬಹುತ್ ಖೂಬ್" ಅಂದ್ರು. ಒಂದಕ್ಕೂ ಇಲ್ಲ ಅನ್ಲಿಲ್ಲ.

ಹೊರಗೆ ಬಂದು ಪ್ರೊಫೆಸರ್ ಕುಣಿಯೋದೊಂದು ಬಾಕಿ. "ಯಾವ ಪದ ಎಲ್ಲಿಟ್ರೂ ನಡೆಯೋ ಭಾಷೆ ಕಣೋ! ಪ್ರಪಂಚದಲ್ಲೇ ಇಲ್ಲ ಇಂಥದ್ದು!"

ಕೊಡೆ ಅಂಗಡೀಲೇ ಮರ್ತಿದ್ರು. ತರಕ್ಕೆ ಹೋದಾಗ ಕೇಳ್ದೆ, "ಸಾಹೇಬ್ರೇ, ಆ ಕಲಸುಮೇಲೋಗರನ ನೀವೂ ಆಡ್ತೀರಾ?"

"ತೋಬಾ ತೋಬಾ! ಹುಚ್ಚನೂ ಆಡಲ್ಲಪ್ಪ."

"ಮತ್ತೆ ಬರ್ತದೆ ಅಂದ್ರಿ?"

"ಮೆಹಮಾನ್ ಅಲ್ವಾ? ಅಷ್ಟು ದೂರದಿಂದ ಬಂದವ್ರೆ. ಪಾಪ, ಮಾತಾಡಕ್ಕೇ ಬರಲ್ಲ ಅವ್ರಿಗೆ. ತಪ್ಪು ಅಂದ್ರೆ ಮನಸ್ಸಿಗೆ ನೋವಾಗಲ್ವಾ?"

ನಮ್ಮಮ್ಮ

ಇದನ್ನ ಹೇಳಿದ್ದಕ್ಕೆ ಪ್ರೊಫೆಸರ್ ಮೂರು ದಿನ ಮುಖ ಊದಿಸ್ಕೊಂಡ್ರು. "ಕಾಲೇಜು ಬಿಟ್ಟೋನು ನನಗೆ ಹೇಳ್ಕೊಡ್ತೀಯಾ?" ಹಲ್ಲು ಕಚ್ಕೊಂಡೆ. ಉಳಿದಿದ್ದು ಒಂದೇ ಮನೆ, ಚಿಕ್ಕಬಳ್ಳಾಪುರದ ನಮ್ಮನೆ. ಕಾಗದ ಆಗಲೇ ಬರ್ದು ಅವರ ಜೇಬಲ್ಲಿತ್ತು. ತುದಿ ನನಗೆ ಕಾಣ್ತಿತ್ತು.

ಅಮ್ಮ ಎಲ್ಲದಕ್ಕೂ ಚೆನ್ನಾಗೇ ಉತ್ತರ ಕೊಟ್ರು. ಕೊನೇ ವಾಕ್ಯ ಬಂತು: "'ಓದು ಬಿಟ್ಟ ಮಗನನ್ನು ನೋಡಿ ತಾಯಿ ಅತ್ತಳು.'"

"ನಾನ್ಯಾವಾಗ ಅತ್ತೆ?" ಅಂದ್ರು ಅಮ್ಮ.

"ನಿಜ ಸುಳ್ಳು ಬೇಡಮ್ಮ. ಹೇಳಕ್ಕೆ ಬರುತ್ತಾ ಇಲ್ವಾ, ಅಷ್ಟೇ."

"ನಮ್ಮನೇಲಿ ಬರಲ್ಲ."

"ಬರಲೇಬೇಕು! ಕನ್ನಡದಲ್ಲಿ ಬರುತ್ತೆ, ತೆಲುಗಲ್ಲಿ ಬರುತ್ತೆ, ಉರ್ದೂಲೂ ಬರುತ್ತೆ!"

"ಎಷ್ಟು ಭಾಷೇಲಿ ಅಳಬೇಕು ಸ್ವಾಮಿ ನಾನು?"

ಪ್ರೊಫೆಸರ್ ನನ್ನ ಕಡೆ ತಿರುಗಿ, ಜೇಬು ತಟ್ಟಿ, "ನಿಮ್ಮಮ್ಮ ಬರುತ್ತೆ ಅನ್ನೋವರೆಗೂ ಇದು ನಿನ್ನ ಕೈಗೆ ಬರಲ್ಲ" ಅಂದ್ರು.

ಮೈಯೆಲ್ಲ ಉರಿದುಹೋಯ್ತು. ಆದ್ರೂ ನುಂಗ್ಕೊಂಡು, "ಅಮ್ಮಾ, ಬರುತ್ತೆ ಅಂದ್ಬಿಡಮ್ಮ. ನನ್ನ ಓದು ಅದರ ಮೇಲೆ ನಿಂತಿದೆ" ಅಂದೆ.

ಅಮ್ಮ ನನ್ನ ನೋಡಿದ್ರು, ಅವರನ್ನ ನೋಡಿದ್ರು, ಸೆರಗು ಸಿಗಿಸ್ಕೊಂಡ್ರು. "ಆಗ್ಲಿ. ಅದಕ್ಕೆ ಮುಂಚೆ ನಂದೊಂದು ವಾಕ್ಯ ಇದೆ, ನೀವು ಹೇಳಿ. 'ಹುಡುಗನ್ನ ಎರಡು ತಿಂಗಳು ಬಿಸಿಲಲ್ಲಿ ಅಲೆಸಿದ ಮೇಷ್ಟ್ರು ಕೊಟ್ಟ ಮಾತು ನುಂಗಿಬಿಟ್ರು.' ಹೇಳಕ್ಕೆ ಬರುತ್ತಾ?"

ಪ್ರೊಫೆಸರ್ ದಡಕ್ಕನೆ ಎದ್ದು ನಿಂತ್ರು. "ಸುಳ್ಳು! ಶುದ್ಧ ಸುಳ್ಳು! ನಾನೆಲ್ಲಿ ಮಾತು ನುಂಗ್ದೆ? ಯಾರ್ರೀ ಹೇಳಿದ್ದು ನಿಮಗೆ?"

"ನಿಜ ಸುಳ್ಳು ಯಾರು ಕೇಳಿದ್ರು?" ಅಂದ್ರು ಅಮ್ಮ, ತಣ್ಣಗೆ.

ಪ್ರೊಫೆಸರ್ ಜೇಬಿಗೆ ಕೈ ಹಾಕಿದ್ರು. ಕೊಟ್ಟೇಬಿಟ್ರು ಅಂದ್ಕೊಂಡೆ. ಕರ್ಚೀಫು ಅಂದ್ಕೊಂಡು ಆ ಕಾಗದದಲ್ಲೇ ಮುಖದ ಬೆವರು ಒರೆಸ್ಕೊಂಡು, ವಾಪಸ್ ಜೇಬಿಗೆ ತುರುಕ್ಕೊಂಡು, ಹೊರಗೆ ಹೋಗಿ ಧಡಾರ್ ಅಂತ ಬಾಗಿಲು ಹಾಕಿದ್ರು. ಅಮ್ಮನ ವಾಕ್ಯ ಹೇಳಕ್ಕೂ ಬಂತು, ನಿಜವೂ ಆಯ್ತು; ಕಾಗದ ಮಾತ್ರ ನನ್ನ ಕೈಗೆ ಬರಲಿಲ್ಲ.