ವಯರು ಚುಚ್ಚಿದ ನೆನಪು

ಯಾವುದನ್ನೂ ಪರೀಕ್ಷಿಸದೆ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪನ್ನಂತೂ ನಂಬಲೇಬಾರದೆಂದು ಮದುವೆಯಾದ ಮೇಲೆ ತಿಳಿಯಿತು. ಇವೆರಡೂ ಸೇರಿದ ಮನುಷ್ಯ ಒಂದು ಕಡೆ ಕೂರಲಾರ. ಅದಕ್ಕೇ ಇರಬೇಕು, ಜೀಪಿನ ಹಿಂದೆ ಎಳೆದೊಯ್ಯುವ ಪುಟ್ಟ ಟ್ರೇಲರ್ ಮನೆಯೊಂದನ್ನು ಶಿರಸಿಯ ಗ್ಯಾರೇಜಿನಲ್ಲಿ ಕಟ್ಟಿಸಿಕೊಂಡೆ. ಒಳಗೆ ಮಂಚ, ದೀಪ, ಚಿಕ್ಕ ಫ್ರೀಜರ್, ಅವಕ್ಕೊಂದು ಬ್ಯಾಟರಿ. ಜೀಪು ಓಡುವಾಗ, ಅದಕ್ಕೆ ಚುಚ್ಚಿದ ದಪ್ಪ ವಯರೊಂದರಿಂದ ಆ ಬ್ಯಾಟರಿ ಚಾರ್ಜಾಗುತ್ತದೆ. ಎಂಜಿನ್ ನಿಲ್ಲಿಸಿದಾಗ ವಯರು ಕೀಳಬೇಕು. ಇಲ್ಲದಿದ್ದರೆ ಟ್ರೇಲರು ಜೀಪಿನ ಬ್ಯಾಟರಿಯನ್ನೂ ಕುಡಿದು ಮುಗಿಸುತ್ತದೆ. ತಾನಾಗಿಯೇ ಸಂಪರ್ಕ ಕಡಿಯುವ ರಿಲೇ ಹಾಕಿಕೊಡುತ್ತೇವೆಂದು ಗ್ಯಾರೇಜಿನವರು ಹೇಳಿದ್ದರು. ಒಳಗೆ ಏನು ನಡೆಯುತ್ತದೆಂದೇ ಕಾಣದ ಡಬ್ಬಿಯನ್ನು ನಂಬುವುದು ಹೇಗೆ? ಬೇಡವೆಂದು ಆ ಕೆಲಸವನ್ನು ನನ್ನ ನೆನಪಿಗೇ ವಹಿಸಿದೆ.

ಮೊದಲ ಪ್ರಯಾಣ ಸಿದ್ದಾಪುರದ ನಮ್ಮ ಮನೆಯಿಂದ ಯಲ್ಲಾಪುರಕ್ಕೆ, ನಾದಿನಿಯ ಮಗಳ ಹುಟ್ಟುಹಬ್ಬಕ್ಕೆ. ಹೆಂಡತಿ ಮಾಡಿದ ಹಲಸಿನ ಹಣ್ಣಿನ ಐಸ್‌ಕ್ರೀಮು ಟ್ರೇಲರಿನ ಫ್ರೀಜರಿನಲ್ಲಿತ್ತು. "ಇದು ಕರಗಿದ್ರೆ ನಿಂಗಳ ಗಾಡಿ ನಾಳಿಂದ ಸೌದೆ ತುಂಬಲೆ ಆಗ್ತು" ಎಂದು ಹೊರಡುವಾಗಲೇ ಹೇಳಿದಳು. ನಾನು ಹೆದರಲಿಲ್ಲ. ಫ್ರೀಜರಿನ ಸ್ವಿಚ್ಚು ಒತ್ತಿದ್ದು, ಹಸಿರು ದೀಪ ಹೊತ್ತಿದ್ದು ಕಣ್ಣಿಗೆ ಕಟ್ಟಿದಂತಿತ್ತು.

ಶಿರಸಿಯಲ್ಲಿ ಹೂ ಕೊಳ್ಳಲು ನಿಲ್ಲಿಸಿ ವಯರು ಕಿತ್ತೆ. ಊರು ದಾಟಿದ ಮೇಲೆ ಅನುಮಾನ: ಮತ್ತೆ ಚುಚ್ಚಿದೆನೇ? ಚುಚ್ಚಿದ ನೆನಪೇನೋ ಇತ್ತು; ಅದು ಶಿರಸಿಯದೋ ಸಿದ್ದಾಪುರದ್ದೋ? ನಿಲ್ಲಿಸಿ ನೋಡಿದೆ. ಚುಚ್ಚಿತ್ತು. ಎಂಜಿನ್ ನಿಲ್ಲಿಸಿದ್ದೆನಲ್ಲ, ನಿಯಮದಂತೆ ಕಿತ್ತೆ. ಹೊರಡುವಾಗ ಮತ್ತೆ ಚುಚ್ಚಿದೆ. ಮುಂದಿನ ತಿರುವಿನಲ್ಲೇ ಅದೇ ಪ್ರಶ್ನೆ.

"ಎಂತಕ್ಕೆ ಮತ್ತೆ ನಿಲ್ಸಿದ್ರಿ?" ಎಂದಳು ಹೆಂಡತಿ.

"ವಯರು ಚುಚ್ಚಿದ್ದ ಇಲ್ಯ ನೋಡವು."

"ಈಗಷ್ಟೇ ನೋಡಿದ್ರಲ್ಲ ಮಾರಾಯ್ರೆ."

"ನೋಡಿದ್ದು ಹೌದು. ನೋಡಿದ ಮೇಲೆ ಆನು ಎಂತ ಮಾಡಿದಿ ಹೇಳೇ ನೆನಪಿಲ್ಲೆ."

"ಆನು ಯಾರು ಹೇಳಾದ್ರೂ ನೆನಪಿದ್ದಾ?"

ಹೀಗೆ ನಿಲ್ಲುತ್ತ ಹೊರಡುತ್ತ ಯಲ್ಲಾಪುರ ಮುಟ್ಟಿದಾಗ ಬ್ಯಾಟರಿ ಪೂರ್ತಿ ತುಂಬಿದೆಯೆಂದು ಮೀಟರು ತೋರಿಸುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಫ್ರೀಜರಿನ ಮುಚ್ಚಳ ತೆಗೆದಳು. "ಬ್ಯಾಟರಿ ತುಂಬಿದ್ದು ಖರೆ. ಫ್ರೀಜರ್ ಹಚ್ಚಿದ್ದೇ ಇಲ್ಲೆ."

ನನ್ನ ಕಣ್ಣಿಗೆ ಕಟ್ಟಿದ ಹಸಿರು ದೀಪ ಹಿಂದಿನ ದಿನದ್ದು. ಪರೀಕ್ಷೆಗೆಂದು ಹಚ್ಚಿ, ಪರೀಕ್ಷೆ ಮುಗಿಯಿತೆಂದು ಆರಿಸಿದ್ದೆ. ದಾರಿಯುದ್ದಕ್ಕೂ ನಾನು ಅನುಮಾನಿಸದೆ ಬಿಟ್ಟದ್ದು ಅದೊಂದನ್ನೇ. ನಾಚಿಕೆಯಿಂದ ಆಗ ಸ್ವಿಚ್ಚು ಒತ್ತಿದೆ.

ಹೆಂಡತಿ ಐಸ್‌ಕ್ರೀಮನ್ನು ಲೋಟಗಳಿಗೆ ಬಗ್ಗಿಸಿ ಹಲಸಿನ ಹಣ್ಣಿನ ರಸಾಯನವೆಂದು ಕೊಟ್ಟಳು. ನೆಂಟರು ಮತ್ತೆ ಕೇಳಿ ಕುಡಿದರು. ಗಾಡಿಯ ಮೇಲಿನ ತೀರ್ಪು ಮಾತ್ರ ಬದಲಾಗಲಿಲ್ಲ. ಈಗ ಅದರ ತುಂಬ ಸೌದೆ. ಫ್ರೀಜರು ಎಲ್ಲೋ ತಳದಲ್ಲಿದೆ. ಮನೆಗೆ ಬಂದ ದಿನ ಅದನ್ನು ಆರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅದಕ್ಕೇ ಬೆಳಿಗ್ಗೆಯಿಂದ ಅರ್ಧ ಸೌದೆ ಅಂಗಳಕ್ಕೆ ಹಾಕಿದ್ದೇನೆ.