ಎಪ್ಪತ್ತಮೂರನೆಯ ಕೊಲೆಗಾರನಿಗಾಗಿ ನಡೆದ ಮಹಾಸಂಗ್ರಾಮ

ಬಾಡಿಗೆ ಕಾದಂಬರಿಗಳ ಮೂಲೆಗಳು ಎಣ್ಣೆಗೈಗಳಲ್ಲಿ ಮಡಚಿ ಮಾಸಿದ ಆ ಯುಗವನ್ನು ನೆನೆ, ವಾಗ್ದೇವಿಯೇ! ಪತ್ತೇದಾರ ರುದ್ರಸೇನನು ಕಪ್ಪು ಕೋಟು ಕಳಚದೆ, ಮುಪ್ಪಡರದೆ, ಮದುವೆಯಾಗದೆ, ಎಪ್ಪತ್ತೆರಡು ಪುಸ್ತಕಗಳಲ್ಲಿ ಅಷ್ಟೇ ಕೊಲೆಗಾರರನ್ನು ಹಿಡಿದು ಮುಂದಿನವನ ಬೆನ್ನು ಹತ್ತಿದ್ದ ಕಾಲವದು. ಆಗ ಗದಗಿನ ಬಾಡಿಗೆ ಗ್ರಂಥಾಲಯವೊಂದರಲ್ಲಿ, ದೋಷಾನ್ವೇಷಣಧುರಂಧರೆಯೂ ಕಥಾರಂಧ್ರಭೇದಿನಿಯೂ ಲೇಖಕಗರ್ವಪರ್ವತವಜ್ರಾಯುಧೆಯೂ ಆದ ನಿವೃತ್ತ ಹಿಂದಿ ಶಿಕ್ಷಕಿ ನೀಲಾಂಬಿಕಾ ಹೊಂಬಳರು ಹೂಡಿದ ಯುದ್ಧವನ್ನು ಹಾಡು!

ರುದ್ರಸೇನನ ಬುದ್ಧಿಗೆ ಎಂದೋ ತುಕ್ಕು ಹಿಡಿದಿದೆಯೆಂಬುದು ಅವರ ಅಚಲ ಸಿದ್ಧಾಂತ. ಜಲಪಾತಕ್ಕೆ ಬಿದ್ದು ಸತ್ತ ಸಹಾಯಕ ಮುಂದಿನ ಪುಸ್ತಕದಲ್ಲಿ ಚಹಾ ಸೋಸುತ್ತಿದ್ದ. ಎಡಹುಬ್ಬಿನ ಮೇಲಿದ್ದ ಗಾಯದ ಗುರುತು ಬಲಹುಬ್ಬಿಗೆ ವಲಸೆ ಹೋಗಿತ್ತು. ಇತ್ತೀಚಿನ ಕೊಲೆಗಳನ್ನೆಲ್ಲ ಅಡುಗೆಯವನೇ ಮಾಡಿದ್ದ. ಆದರೂ ನೀಲಾಂಬಿಕಾ ಒಂದನ್ನೂ ಬಿಡದೆ ಓದಿದ್ದರು; ಒಳಹೊಕ್ಕು ನೋಡದೆ ಶತ್ರುವಿನ ಕೋಟೆಯನ್ನು ಕೆಡವುವುದೆಂತು?

ಎದುರು ನಿಂತವರು ರೈಲ್ವೆಯ ನಿವೃತ್ತ ಗಾರ್ಡ್, ರುದ್ರಸೇನಚರಣಕಮಲಭೃಂಗ ಫಕೀರಪ್ಪ ಮುಳಗುಂದ. ಹೊಸ ಪುಸ್ತಕದ ಏಕೈಕ ಪ್ರತಿ, ಅರ್ಧ ಓದಿದ್ದು, ಅವರ ಕಂಕುಳಲ್ಲಿತ್ತು. ಮೊದಲ ಪುಟಗಳನ್ನು ನೀಲಾಂಬಿಕಾ ಹಿಂದಿನ ವಾರ ಕಪಾಟಿನ ಬಳಿ ನಿಂತೇ ಮುಗಿಸಿದ್ದರು.

"ಕೊಲಿ ಮಾಡಿದಾಂವ ಅಡಿಗಿಯಾಂವನ, ಬರದು ಕೊಡ್ತೀನಿ!" ಎಂದು ನೀಲಾಂಬಿಕಾ ಗರ್ಜಿಸಿದರು. "ಮೊದಲನೇ ಅಧ್ಯಾಯದಾಗ ಅಂವ ಸುಮ್ಮನ ಉಳ್ಳಾಗಡ್ಡಿ ಹೆಚ್ಚಾಕತ್ತಾನ. ಕತಿಯಾಗ ಯಾರರ ಸುಮ್ಮನ ಉಳ್ಳಾಗಡ್ಡಿ ಹೆಚ್ಚತಾರೇನ್ರಿ, ಗಾರ್ಡಸಾಹೇಬ್ರ?"

"ಅಕ್ಕಾರ, ರುದ್ರಸೇನನ ತಲಿ ಬಗ್ಗೆ ಮಾತಾಡಬ್ಯಾಡ್ರಿ! ಗೂಡ್ಸ ಗಾಡಿ ಹಿಂದಿನ ಡಬ್ಬ್ಯಾಗ ಅಂವನ್ನ ಓದಿಕೋತ ಚಳಿಗಾಲ ಕಳದೀನಿ. ಅಡಿಗಿಯಾಂವ ಆಗಿದ್ರ, ಇನ್ನ ಮುಂದ ಈ ಮಾಲಿಕೆ ಮುಟ್ಟೂದಿಲ್ಲ!"

"ಅಲ್ಲದಿದ್ರ ನಾ ಮುಟ್ಟೂದಿಲ್ಲ!"

ಮಾತು ಹೊರಬಿದ್ದೊಡನೆ ಆ ವೀರಾಂಗನೆಗೆ ತನ್ನ ತಪ್ಪು ಹೊಳೆಯಿತು. ರುದ್ರಸೇನನಿಲ್ಲದ ಮಧ್ಯಾಹ್ನಗಳಲ್ಲಿ ಯಾರನ್ನು ಬೈಯುವುದು? ಆದರೆ ಬಿಟ್ಟ ಬಾಣ ಬತ್ತಳಿಕೆಗೆ ಮರಳುವುದುಂಟೆ?

ಗ್ರಂಥಾಲಯದ ಒಡೆಯ ಮೈಲಾರಪ್ಪ ಮಧ್ಯಸ್ಥನಾಗಿ ಕೊನೆಯ ಪುಟ ತೆರೆದ, ಪಾಂಚಜನ್ಯ ಮೊಳಗಿದಂತೆ ಓದಿದ: "ಕೊಲೆಗಾರ ಬೇರಾರೂ ಅಲ್ಲ, ವಜ್ರದ ವ್ಯಾಪಾರಿ ಧನಪಾಲ!"

ಸಮಸ್ತ ಗ್ರಂಥಾಲಯ ಪುಸ್ತಕದ ಮೇಲೆ ಬಾಗಿತು.

"ಧನಪಾಲ ಅಂದ್ರ ಯಾರ್ರೀ?" ಎಂದರು ಫಕೀರಪ್ಪ.

ಹಿಂದಕ್ಕೂ ಮುಂದಕ್ಕೂ ಹಾಳೆ ತಿರುವಿದರು. ಇಡೀ ಪುಸ್ತಕದಲ್ಲಿ ಧನಪಾಲನ ಸುಳಿವಿಲ್ಲ. ಒಮ್ಮೆಲೇ ನೀಲಾಂಬಿಕಾರ ಕಣ್ಣುಗಳು ಪ್ರಳಯಾಗ್ನಿಯಂತೆ ಧಗಧಗಿಸಿದವು.

"ಇಂವನ್ನ ಐವತ್ತೊಂಬತ್ತನೇ ಪುಸ್ತಕದಾಗ ಗಲ್ಲಿಗೇರಿಸ್ಯಾರಲ್ರೀ! ಬರದಾಂವಗ ತಾ ಯಾರನ್ನ ಕೊಂದೀನಿ ಅನ್ನೂದರ ನೆನಪೈತೋ ಇಲ್ಲೋ?"

ಫಕೀರಪ್ಪನವರ ಮುಖ ಬಾಡಿತು. ಬಾಡಿ, ನಿಧಾನಕ್ಕೆ ಅರಳಿತು. "ಅದಕ್ಕ ಅಕ್ಕಾರ, ಯಾರಿಗೂ ಅಂವನ ಮ್ಯಾಲೆ ಸಂಶೇ ಬರಲಿಲ್ಲ. ರುದ್ರಸೇನಂದು ಎಂಥಾ ತಲಿ ನೋಡ್ರಿ!"

ಭಕ್ತಿಯೆಂಬ ಆ ಅಭೇದ್ಯ ಕವಚದ ಮುಂದೆ ನೀಲಾಂಬಿಕಾರ ಸಕಲ ಶಸ್ತ್ರಗಳೂ ಮೊಂಡಾದವು.

"ಅಂದ್ರ ಅಕ್ಕಾರು ಸೋತಂಗಾತಲ್ಲ?" ಎಂದ ಮೈಲಾರಪ್ಪ. "ಅಡಿಗಿಯಾಂವ ಅಲ್ಲಲಾ."

"ಸತ್ತಾಂವ ಲೆಕ್ಕಕ್ಕಿಲ್ಲ!" ಎಂದರು ನೀಲಾಂಬಿಕಾ.

"ಹೌದ್ಹೌದು, ಲೆಕ್ಕಕ್ಕಿಲ್ಲ!" ಎಂದು ಫಕೀರಪ್ಪನವರು ಅವರಿಗಿಂತ ಅವಸರದಿಂದ ಒಪ್ಪಿದರು. ಇಂಥ ಶತ್ರುವನ್ನು ಕಳೆದುಕೊಂಡು ಬದುಕುವುದು ಅವರಿಗೂ ಬೇಕಿರಲಿಲ್ಲ.

ಆದರೂ ಲೇಖಕನನ್ನು ದಂಡಿಸದೆ ಬಿಡಲಾದೀತೆ? ಮುಂದೆ ಓದುವವರೆಲ್ಲ ಎಚ್ಚೆತ್ತುಕೊಳ್ಳಲೆಂದು, ಕೊನೆಯ ಪುಟದ ಅಡಿಯಲ್ಲೇ ಶಾಶ್ವತ ಶಾಪವೊಂದನ್ನು ಕೆತ್ತಲು ನೀಲಾಂಬಿಕಾ ಪೆನ್ನು ಸೆಳೆದರು. 'ಎಲೈ ಕಥಾದ್ರೋಹಿಯೇ, ವಾಚಕಕಾಲಾಪಹಾರಿಯೇ, ಮೃತಪುನರುತ್ಥಾನದುರ್ವ್ಯಸನಿಯೇ' ಎಂದು ಮನದಲ್ಲಿ ವಾಕ್ಯ ಮಹಾಪ್ರವಾಹವಾಗಿ ಉಕ್ಕಿತು. ಆದರೆ ಅಲ್ಲಿ ಉಳಿದಿದ್ದುದು ಹೆಬ್ಬೆರಳಗಲದ ಜಾಗ. ಅದರಲ್ಲೂ ಅರ್ಧ ಗ್ರಂಥಾಲಯದ ಠಸ್ಸೆ. ಕ್ಷಣಕಾಲ ಯೋಚಿಸಿದರು. ಹಲ್ಲು ಕಚ್ಚಿ, ಪೆನ್ನೊತ್ತಿ, ದುಂಡಗೆ ಬರೆದರು:

"ಸುಮಾರಾಗಿದೆ."